ಮೆಕ್ಕೆಜೋಳದ ನಾಡಿನ ಇಪ್ಪತ್ತೆರಡನೇ ನಂಬರು

2023ರ ಅಕ್ಟೋಬರ್ 15, ಭಾನುವಾರ. ಅಮೆರಿಕದ ಅಯೋವಾ ರಾಜ್ಯದ ಅಯೋವಾ ಸಿಟಿಯಲ್ಲಿ ಕಿನಿಕ್ ಸ್ಟೇಡಿಯಂ ತುಂಬಿ ಹೋಗಿತ್ತು. ಅದು ಅಮೆರಿಕನ್ ಫುಟ್‌ಬಾಲಿಗಾಗಿ ಕಟ್ಟಿದ ಬಯಲು ಸ್ಟೇಡಿಯಂ. ಅಂದು ಮಾತ್ರ ಮೈದಾನದ ಮೇಲೆ ಮರದ ಹಲಗೆ ಹಾಸಿ, ಎರಡು ಕಡೆ ಬುಟ್ಟಿ ನಿಲ್ಲಿಸಿ ಬ್ಯಾಸ್ಕೆಟ್‌ಬಾಲ್ ಅಂಕಣ ಮಾಡಿದ್ದರು. ಚಳಿಗಾಳಿ ಬೀಸುತ್ತಿತ್ತು. ಅಯೋವಾ ವಿಶ್ವವಿದ್ಯಾಲಯದ ಹುಡುಗಿಯರು ಷಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದ ಹುಡುಗಿಯರ ಎದುರು ಆಡಬೇಕಿತ್ತು. (ಡಿಪಾಲ್ ಎಂದರೆ ನಮ್ಮ ಸಂತ ವಿನ್ಸೆಂಟ್ ಡಿ ಪೌಲರ ಹೆಸರೇ, ಅವರ ಸಭೆಯ ಗುರುಗಳು ಸ್ಥಾಪಿಸಿದ ಕಥೋಲಿಕ ವಿದ್ಯಾಸಂಸ್ಥೆ ಅದು.) ಪಂದ್ಯ ಲೀಗಿನ ಲೆಕ್ಕಕ್ಕೆ ಸೇರುವಂಥದ್ದಲ್ಲ, ಸೀಸನ್ ಶುರುವಾಗುವ ಮುಂಚಿನ ಪ್ರದರ್ಶನ ಪಂದ್ಯ ಅಷ್ಟೇ. ಆದರೂ ನೋಡಲು ಬಂದವರು 55,646 ಜನ! ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಅಷ್ಟು ಜನ ಅದುವರೆಗೆ ಸೇರಿರಲಿಲ್ಲ. ಹಿಂದಿನ ದಾಖಲೆ 2002ರ ರಾಷ್ಟ್ರೀಯ ಫೈನಲ್‌ನದು, ಅದು 29,619.

ಬಂದವರ ಕಣ್ಣೆಲ್ಲ ಒಬ್ಬಳ ಮೇಲೆ. 22ನೇ ನಂಬರಿನ ಅಂಗಿ ತೊಟ್ಟ ಕೇಟ್ಲಿನ್ ಕ್ಲಾರ್ಕ್. ಆಗ ಅವಳಿಗೆ 21 ವರ್ಷ, ಕಾಲೇಜಿನ ಕೊನೆಯ ವರ್ಷ. ಅಂದು ಅವಳು 34 ಅಂಕ ಗಳಿಸಿದಳು, 11 ರಿಬೌಂಡ್ ಹಿಡಿದಳು, 10 ಸಲ ಗೆಳತಿಯರಿಗೆ ಪಾಸ್ ಕೊಟ್ಟು ಅಂಕ ಮಾಡಿಸಿದಳು. ಅಯೋವಾ 94-72ರಿಂದ ಗೆದ್ದಿತು. ಸ್ಟೇಡಿಯಂ ಪಕ್ಕದಲ್ಲೇ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯಿದೆ. 2017ರಿಂದ ಅಲ್ಲೊಂದು ಒಳ್ಳೆಯ ಪದ್ಧತಿ ಬೆಳೆದಿದೆ. ಫುಟ್‌ಬಾಲ್ ಪಂದ್ಯದ ಮೊದಲ ಭಾಗ ಮುಗಿದೊಡನೆ ಸ್ಟೇಡಿಯಂನಲ್ಲಿರುವವರೆಲ್ಲ ಎದ್ದು ನಿಂತು, ಆಸ್ಪತ್ರೆಯ ಮೇಲ್ಮಹಡಿಯ ಕಿಟಕಿಗಳಲ್ಲಿ ನಿಂತ ರೋಗಿ ಮಕ್ಕಳಿಗೆ ಕೈ ಬೀಸುತ್ತಾರೆ. ಈ ಪಂದ್ಯದಿಂದ ಆ ಆಸ್ಪತ್ರೆಗೆ ಎರಡೂವರೆ ಲಕ್ಷ ಡಾಲರ್ ಸಂದಿತು.

ಒಂದು ಕಾಲೇಜು ಹುಡುಗಿಯ ಮುಂದಿನ ಸೀಸನ್‌ಗಾಗಿ ಇಡೀ ರಾಜ್ಯವೇ ಹೀಗೆ ಕಾದು ಕುಳಿತದ್ದು ಏಕೆ? ಅವರು ಅವಳಿಂದ ಬಯಸಿದ್ದು ಏನು? ಬಯಸಿದ್ದರಲ್ಲಿ ಸಿಕ್ಕಿದ್ದೆಷ್ಟು? ಮಕ್ಕಳನ್ನು ಆಟಕ್ಕೆ ಕಳಿಸುವ, ಕಳಿಸಲು ಹಿಂಜರಿಯುವ ನಮ್ಮಂಥ ಮನೆಗಳಿಗೂ ಈ ಸಂಗತಿಯಲ್ಲಿ ತಿಳಿಯುವಂಥದ್ದಿದೆ.

ಹುಡುಗಿಯರ ಆಟಕ್ಕೆ ಹಳೆಯ ನಂಟು

ಅಯೋವಾ ವಿಸ್ತೀರ್ಣದಲ್ಲಿ ಕರ್ನಾಟಕದ ಮುಕ್ಕಾಲು ಪಾಲು ಇದೆ. ಜನಸಂಖ್ಯೆ ಮಾತ್ರ ಸುಮಾರು 32 ಲಕ್ಷ. ನಮ್ಮ ಸೊಲ್ಲಾಪುರ ಜಿಲ್ಲೆಯೊಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಎಲ್ಲಿ ನೋಡಿದರೂ ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆ. ಅಮೆರಿಕದ ದೊಡ್ಡ ವೃತ್ತಿಪರ ಲೀಗುಗಳ ಒಂದು ತಂಡವೂ ಆ ರಾಜ್ಯದಲ್ಲಿಲ್ಲ. ಆದ್ದರಿಂದ ಅಲ್ಲಿಯವರಿಗೆ ಕಾಲೇಜು ತಂಡವೇ ತಮ್ಮ ತಂಡ, ಕಾಲೇಜು ಮಕ್ಕಳೇ ತಮ್ಮ ಮನೆಯ ಮಕ್ಕಳು.

ಇನ್ನೂ ಒಂದು ಕಾರಣವಿದೆ, ಅದು ಹಳೆಯದು. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದರು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಕಲಿಸಿದರು. ಆದರೆ ಹೆಣ್ಣುಮಕ್ಕಳು ಅಂಕಣದ ತುಂಬ ಓಡಿದರೆ ದಣಿಯುತ್ತಾರೆ, ಮೈಗೆ ಒಳ್ಳೆಯದಲ್ಲ ಎಂಬ ನಂಬಿಕೆ ಅಂದಿನದು. ಹಾಗಾಗಿ ಅಂಕಣವನ್ನು ಭಾಗ ಮಾಡಿ, ಒಬ್ಬೊಬ್ಬರೂ ತಮ್ಮ ಭಾಗ ದಾಟಬಾರದು ಎಂದು ನಿಯಮ ಮಾಡಿದರು. ಈ ಕಟ್ಟುಪಾಡಿನಿಂದಲೇ ಅಯೋವಾದ ಹಳ್ಳಿಶಾಲೆಗಳಲ್ಲಿ ಆರು ಜನರ ಆಟ ಬೆಳೆಯಿತು. ಮೂವರು ಬುಟ್ಟಿಗೆ ಎಸೆಯುವವರು, ಮೂವರು ತಡೆಯುವವರು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ನೆಲಕ್ಕೆ ಬಡಿಯುವಂತಿಲ್ಲ.

1920ರ ದಶಕದಲ್ಲಿ ಬೇರೆ ಅನೇಕ ಕಡೆ ಹುಡುಗಿಯರ ಪಂದ್ಯಾವಳಿಗಳು ನಿಂತುಹೋದವು. ಅಯೋವಾದಲ್ಲೂ ನಿಲ್ಲಿಸಬೇಕೆಂದು ಮಾತು ಬಂದಾಗ ಸಣ್ಣ ಊರುಗಳ ಶಾಲಾ ಮುಖ್ಯಸ್ಥರು ಒಪ್ಪದೆ ಹೊರಬಂದು, 1925ರಲ್ಲಿ ಹುಡುಗಿಯರಿಗಾಗಿಯೇ ಪ್ರತ್ಯೇಕ ಕ್ರೀಡಾಸಂಘ ಕಟ್ಟಿದರು. ಅಲ್ಲಿಂದ ಎರಡು ಮೂರು ತಲೆಮಾರಿನ ರೈತರ ಹೆಣ್ಣುಮಕ್ಕಳು ಆಡಿದರು. ರಾಜ್ಯ ಪಂದ್ಯಾವಳಿ ಬಂತೆಂದರೆ ಊರಿಗೆ ಊರೇ ರಾಜಧಾನಿ ಡೆ ಮೊಯ್ನ್‌ಗೆ ಹೊರಟುಬಿಡುತ್ತಿತ್ತು. ಡೆನಿಸ್ ಲಾಂಗ್ ಎಂಬ ಹುಡುಗಿ 1968ರಲ್ಲಿ ಒಂದೇ ಪಂದ್ಯದಲ್ಲಿ 111 ಅಂಕ ಹೊಡೆದಳು. ಮರುವರ್ಷ ಗಂಡಸರ ವೃತ್ತಿಪರ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್ ಅವಳ ಹೆಸರನ್ನೇ ಆರಿಸಿತು! ಲೀಗಿನ ಮುಖ್ಯಸ್ಥರು ಅದನ್ನು ರದ್ದು ಮಾಡಿದರು ಎಂಬುದು ಬೇರೆ ಮಾತು. ಆರು ಜನರ ಆಟ 1993ರಲ್ಲಿ ನಿಂತಿತು. ಅದನ್ನು ಆಡಿದ ಅಜ್ಜಿಯರು, ತಾಯಂದಿರು ನಿಲ್ಲಲಿಲ್ಲ. ಅವರೇ ಮುಂದೆ ಪ್ರೇಕ್ಷಕರಾದರು. 1985ರ ಫೆಬ್ರುವರಿಯಲ್ಲೇ ಅಯೋವಾ ಸಿಟಿಯ ಕಾರ್ವರ್-ಹಾಕೈ ಒಳಾಂಗಣದಲ್ಲಿ ಮಹಿಳೆಯರ ಪಂದ್ಯವೊಂದಕ್ಕೆ 22,157 ಜನ ನುಗ್ಗಿದ್ದರು. ಅಲ್ಲಿ ಆಸನಗಳಿದ್ದದ್ದು ಸುಮಾರು ಹದಿನೈದು ಸಾವಿರ!

ಕೇಟ್ಲಿನ್‌ಗೆ ಸಿಕ್ಕ ಪ್ರೀತಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ ಎಂದು ತೋರಿಸಲು ಇಷ್ಟು ಹೇಳಬೇಕಾಯಿತು. ಟೀವಿಯವರು ಅವಳಿಂದಲೇ ಎಲ್ಲವೂ ಆರಂಭವಾಯಿತು ಎಂಬಂತೆ ಹೇಳುತ್ತಾರೆ, ಅದು ಸರಿಯಲ್ಲ.

ಕಥೋಲಿಕ ಶಾಲೆಯ ಹುಡುಗಿ

ಅವಳು ಹುಟ್ಟಿದ್ದು 2002ರ ಜನವರಿ 22ರಂದು, ಡೆ ಮೊಯ್ನ್‌ನಲ್ಲಿ. ಕಥೋಲಿಕ ಕುಟುಂಬ. ಅಣ್ಣ, ತಮ್ಮನ ನಡುವೆ ಬೆಳೆದ ಒಬ್ಬಳೇ ಹೆಣ್ಣುಮಗಳು. ಓದಿದ್ದು ವೆಸ್ಟ್ ಡೆ ಮೊಯ್ನ್‌ನ ಡೌಲಿಂಗ್ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ. ಅವಳ ತಾಯಿಯ ತಂದೆ ಅದೇ ಶಾಲೆಯಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದವರು. ಸಣ್ಣವಳಿದ್ದಾಗ ಅವಳ ವಯಸ್ಸಿನ ಹುಡುಗಿಯರ ತಂಡ ಸಿಗದೆ, ತಂದೆ ಅವಳನ್ನು ಹುಡುಗರ ತಂಡಕ್ಕೇ ಸೇರಿಸಿದರು. ಮನೆಯ ಮುಂದಿನ ಕಾಂಕ್ರೀಟ್ ಅಂಗಳ ದೂರದ ಎಸೆತಕ್ಕೆ ಸಾಲುವುದಿಲ್ಲ ಎಂದು ಮಗಳು ಹೇಳಿದಾಗ, ಒಂದಿಷ್ಟು ಹುಲ್ಲುಹಾಸು ಕಿತ್ತು ಅಲ್ಲಿಗೂ ಕಾಂಕ್ರೀಟ್ ಹಾಕಿಸಿದರು. ಇಷ್ಟು ಮಾಡುವ ಅಪ್ಪಂದಿರು ನಮ್ಮಲ್ಲೂ ಇದ್ದಾರೆ, ಆದರೆ ಮಾಡುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಕಾನ್ವೆಂಟ್ ಶಾಲೆಯ ಥ್ರೋಬಾಲ್ ತಂಡದಲ್ಲಿ ಕಪ್ಪು ಗೆದ್ದು ತಂದ ಹುಡುಗಿ ಹತ್ತನೇ ತರಗತಿ ಮುಗಿದೊಡನೆ ಚೆಂಡು ಮುಟ್ಟದಿರುವುದನ್ನು ನಮ್ಮ ಊರುಗಳಲ್ಲಿ ನೋಡುತ್ತಲೇ ಇದ್ದೇವೆ.

ಕಾಲೇಜು ಆರಿಸುವಾಗ ಮನೆಯವರ ಮನಸ್ಸು ನೋಟರ್ ಡೇಮ್ ಕಡೆಗಿತ್ತು. 1842ರಲ್ಲಿ ಹೋಲಿ ಕ್ರಾಸ್ ಸಭೆಯ ಗುರುಗಳು ಸ್ಥಾಪಿಸಿದ, ಅಮೆರಿಕದ ಕಥೋಲಿಕ ಮನೆಗಳೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ವಿಶ್ವವಿದ್ಯಾಲಯ ಅದು. ಮಹಿಳೆಯರ ಬ್ಯಾಸ್ಕೆಟ್‌ಬಾಲ್‌ನಲ್ಲಿ 2001 ಮತ್ತು 2018ರಲ್ಲಿ ರಾಷ್ಟ್ರೀಯ ಚಾಂಪಿಯನ್ ಕೂಡ. ಕೇಟ್ಲಿನ್ ಮೊದಲು ಅಲ್ಲಿಗೆ ಬರುತ್ತೇನೆಂದು ಮಾತನ್ನೂ ಕೊಟ್ಟಿದ್ದಳು. ಆದರೆ ಮನಸ್ಸು ಒಪ್ಪಲಿಲ್ಲ. ಕೊನೆಗೆ ಅಲ್ಲಿಯ ಕೋಚ್‌ಗೆ ತಾನೇ ಫೋನ್ ಮಾಡಿ ಬರುವುದಿಲ್ಲ ಎಂದು ತಿಳಿಸಿ, ಮನೆಯಿಂದ ಎರಡು ಗಂಟೆ ದಾರಿಯ ಅಯೋವಾ ವಿಶ್ವವಿದ್ಯಾಲಯವನ್ನು ಆರಿಸಿಕೊಂಡಳು. ಅಲ್ಲಿಯ ತಂಡ ಆಗ ರಾಷ್ಟ್ರೀಯ ಸೆಮಿಫೈನಲ್ ಕಂಡು 26 ವರ್ಷವಾಗಿತ್ತು. ಕಥೋಲಿಕ ಮನೆಯ ಹುಡುಗಿ ಕಥೋಲಿಕ ಕಾಲೇಜನ್ನು ಬಿಟ್ಟಳಲ್ಲ ಎಂದು ಬೇಸರಪಟ್ಟವರೂ ಇರಬಹುದು. ನನಗಂತೂ ಅವಳ ಪ್ರಾಮಾಣಿಕತೆ ಹಿಡಿಸಿತು. ಹದಿನೇಳು ವರ್ಷದ ಹುಡುಗಿ ದೊಡ್ಡವರಿಗೆ ಕೊಟ್ಟ ಮಾತನ್ನು ನೇರವಾಗಿ ಮಾತಾಡಿ ಹಿಂಪಡೆಯುವುದು ಸುಲಭವಲ್ಲ.

2023ರಲ್ಲಿ ಏನು ಬಯಸಿದ್ದರು?

2023ರ ವಸಂತದಲ್ಲಿ ಅವಳು ಅಯೋವಾವನ್ನು ಫೈನಲ್‌ಗೆ ಒಯ್ದಳು. ಸೆಮಿಫೈನಲ್‌ನಲ್ಲಿ ಒಂದೂ ಪಂದ್ಯ ಸೋಲದೆ 36 ಗೆದ್ದು ಬಂದಿದ್ದ ಸೌತ್ ಕೆರೊಲಿನಾ ತಂಡವನ್ನು 77-73ರಿಂದ ಮಣಿಸಿದಾಗ ಅವಳೊಬ್ಬಳದೇ 41 ಅಂಕ. ಏಪ್ರಿಲ್ 2ರ ಫೈನಲ್‌ನಲ್ಲಿ ಮಾತ್ರ ಲೂಯಿಸಿಯಾನದ ಎಲ್‌ಎಸ್‌ಯು ತಂಡ 102-85ರಿಂದ ಗೆದ್ದಿತು.

ಹಾಗಾಗಿ ಮುಂದಿನ ಸೀಸನ್ ಬಗ್ಗೆ ಅಭಿಮಾನಿಗಳ ಮೊದಲ ಆಸೆ ತಪ್ಪಿದ ಕಪ್ಪು ಈ ಸಲ ಬರಲಿ ಎಂಬುದು. ಎರಡನೆಯದು ದಾಖಲೆ. ಮೂರು ವರ್ಷಗಳಲ್ಲಿ ಅವಳ ಒಟ್ಟು ಅಂಕ 2,717 ಆಗಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆಲ್ಸಿ ಪ್ಲಮ್ ಹೆಸರಿನಲ್ಲಿದ್ದ 3,527ರ ದಾಖಲೆಗೆ ಬೇಕಾದದ್ದು ಇನ್ನು 810. ಮೂರನೆಯ ಆಸೆಯನ್ನು ಜನ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು: ಇವಳು ಇನ್ನೂ ಒಂದು ವರ್ಷ ಉಳಿಯಬಾರದೇ? ಕಾಲೇಜು ಆಟಗಾರರಿಗೆ ಸಾಮಾನ್ಯವಾಗಿ ನಾಲ್ಕೇ ವರ್ಷ. ಆದರೆ 2020-21ರ ಸೀಸನ್ ಕೋವಿಡ್ ಕಾಲದ್ದಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ತೀರ್ಮಾನವಾಗಿತ್ತು. ಮನಸ್ಸು ಮಾಡಿದ್ದರೆ ಅವಳು 2025ರವರೆಗೂ ಆಡಬಹುದಿತ್ತು.

ಅಂಜಿಕೆಗಳೂ ಇದ್ದವು. ಅವಳ ಪಾಸುಗಳನ್ನು ಬುಟ್ಟಿಯ ಕೆಳಗೆ ನಿಂತು ಅಂಕವಾಗಿಸುತ್ತಿದ್ದ ಎತ್ತರದ ಮೋನಿಕಾ ಜಿನಾನೊ ಕಾಲೇಜು ಮುಗಿಸಿ ಹೋಗಿದ್ದಳು. ಆ ಜಾಗಕ್ಕೆ ಯಾರು? ಎರಡನೇ ವರ್ಷದ ಹ್ಯಾನಾ ಸ್ಟೂಲ್ಕಿ ಸಾಕಾಗುವಳೇ? ಕೇಟ್ಲಿನ್ ಅವಸರಕ್ಕೆ ಬಿದ್ದು ಚೆಂಡು ಕಳೆದುಕೊಳ್ಳುವುದು ಕಡಿಮೆಯಾದೀತೇ? ತೀರ್ಪುಗಾರರ ಮೇಲೆ ಸಿಡುಕುವುದು? (ಫೈನಲ್‌ನಲ್ಲಿ ಅದಕ್ಕೆ ದಂಡವೂ ಬಿದ್ದಿತ್ತು.) ಇವೆಲ್ಲ ಇದ್ದರೂ 2023ರ ಆಗಸ್ಟಿನಲ್ಲೇ ಸೀಸನ್ ಟಿಕೆಟ್‌ಗಳೆಲ್ಲ ಖಾಲಿ. ಆ ತಂಡದ ಚರಿತ್ರೆಯಲ್ಲಿ ಹಾಗಾದದ್ದು ಅದೇ ಮೊದಲು.

ಅಭಿಮಾನದ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಆ 2023ರ ಫೈನಲ್‌ನ ಕೊನೆಗೆ ಎಲ್‌ಎಸ್‌ಯುವಿನ ಏಂಜೆಲ್ ರೀಸ್, ಕೇಟ್ಲಿನ್ ಎದುರು ಮುಖದ ಮುಂದೆ ಕೈಯಾಡಿಸಿ ಅಣಕಿಸಿದ್ದಳು. ರೀಸ್ ಕಪ್ಪು ವರ್ಣದ ಹುಡುಗಿ. ಅವಳ ಮೇಲೆ ಎಷ್ಟು ಬೈಗುಳ ಸುರಿಯಿತೆಂದರೆ ಹೇಳತೀರದು. ಆದರೆ ಅದೇ ಪಂದ್ಯಾವಳಿಯಲ್ಲಿ ಕೆಲವು ದಿನ ಮೊದಲು ಅದೇ ಅಣಕವನ್ನು ಮಾಡಿದ್ದವಳು ಕೇಟ್ಲಿನ್! ಆಗ ಜನ ಅದನ್ನು ಹುಮ್ಮಸ್ಸು ಎಂದಿದ್ದರು. ರೀಸ್‌ಳನ್ನು ಯಾರೂ ಟೀಕಿಸಬೇಕಾಗಿಲ್ಲ ಎಂದು ಕೇಟ್ಲಿನ್ ಎರಡೇ ದಿನದಲ್ಲಿ ಟೀವಿಯಲ್ಲಿ ಹೇಳಿದಳು. ಅಭಿಮಾನಿಗಳಿಗಿಂತ ಆಟಗಾರ್ತಿಯೇ ಹೆಚ್ಚು ತಿಳಿವಳಿಕೆ ತೋರಿದಳು ಎನ್ನಬೇಕು.

ಆಸೆಯ ಭಾರ ಹೊತ್ತ ಐದು ತಿಂಗಳು

ಸೀಸನ್ ಶುರುವಾಗಿ ಹತ್ತೇ ದಿನಕ್ಕೆ, ನವೆಂಬರ್ 16ರಂದು, ಸ್ವಂತ ಅಂಕಣದಲ್ಲೇ ಕ್ಯಾನ್ಸಸ್ ಸ್ಟೇಟ್ ಎದುರು 65-58ರ ಸೋಲು. ಆದರೂ ಜನ ಕುಗ್ಗಲಿಲ್ಲ. ಅಯೋವಾ ಎಲ್ಲಿಗೆ ಆಡಲು ಹೋದರೂ ಎದುರಾಳಿಗಳ ಅಂಕಣ ತುಂಬುತ್ತಿತ್ತು. ಸಣ್ಣ ಹುಡುಗಿಯರು 22ನೇ ನಂಬರಿನ ಅಂಗಿ ತೊಟ್ಟು, ಕೈಬರಹದ ಫಲಕ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಹುಡುಗರೂ ಅದೇ ಅಂಗಿ ತೊಟ್ಟದ್ದು ಹೊಸದು.

2024ರ ಜನವರಿ 21ರಂದು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹೆಚ್ಚುವರಿ ಅವಧಿಗೆ ಹೋದ ಪಂದ್ಯ 100-92ರಿಂದ ಕೈತಪ್ಪಿತು. ಗೆದ್ದ ಸಂಭ್ರಮದಲ್ಲಿ ಪ್ರೇಕ್ಷಕರು ಅಂಕಣಕ್ಕೆ ನುಗ್ಗಿದರು. ಹೊರಗೆ ಓಡುತ್ತಿದ್ದ ಕೇಟ್ಲಿನ್‌ಗೆ ಒಬ್ಬರು ಢಿಕ್ಕಿ ಹೊಡೆದು ಅವಳು ನೆಲಕ್ಕೆ ಬಿದ್ದಳು. ಅದೃಷ್ಟಕ್ಕೆ ದೊಡ್ಡ ಪೆಟ್ಟಾಗಲಿಲ್ಲ. ಒಂದು ಮೊಣಕಾಲು ತಿರುಚಿದ್ದರೆ ವರ್ಷವಿಡೀ ಕಟ್ಟಿದ ಆಸೆಯೆಲ್ಲ ಆ ಕ್ಷಣಕ್ಕೇ ಮುಗಿಯುತ್ತಿತ್ತು. ಇಂಥ ಆಸೆ ನಿಂತಿರುವುದು ಒಂದು ಹುಡುಗಿಯ ಮೈಮೂಳೆಯ ಮೇಲೆ ಎಂಬುದು ಕೂಗುವವರಿಗೆ ನೆನಪಿರುವುದಿಲ್ಲ.

ಫೆಬ್ರುವರಿ 15, ಮಿಷಿಗನ್ ಎದುರಿನ ಪಂದ್ಯ. ದಾಖಲೆ ಮುರಿಯಲು ಎಂಟು ಅಂಕ ಬೇಕಿತ್ತು. ಎರಡು ನಿಮಿಷ ಚಿಲ್ಲರೆಯಲ್ಲೇ ಮುಗಿಯಿತು: ಮೊದಲು ಬುಟ್ಟಿಯ ಬಳಿಯಿಂದ ಎರಡು, ಆಮೇಲೆ ಮೂರಂಕದ ಒಂದು ಎಸೆತ, ಕೊನೆಗೆ ಅಂಕಣದ ನಡುವಿನ ಲಾಂಛನದ ಹತ್ತಿರದಿಂದ ಇನ್ನೊಂದು. ಅಂದು ಒಟ್ಟು 49 ಅಂಕ.

ದಾಖಲೆಯ ಮಾತಿನಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಎದ್ದಿತು. 1981ರವರೆಗೆ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಆಡಿದ ಲಿನೆಟ್ ವುಡರ್ಡ್ 3,649 ಅಂಕ ಗಳಿಸಿದ್ದರು. ಆದರೆ ಆ ಕಾಲದಲ್ಲಿ ಮಹಿಳೆಯರ ಕಾಲೇಜು ಆಟವನ್ನು ನಡೆಸುತ್ತಿದ್ದದ್ದು ಬೇರೆ ಸಂಘ. ಹಾಗಾಗಿ ಈಗಿನ ಸಂಸ್ಥೆಯ ಪುಸ್ತಕದಲ್ಲಿ ವುಡರ್ಡ್ ಅವರ ಲೆಕ್ಕವೇ ಇಲ್ಲ! ಅವರ ಕಾಲದಲ್ಲಿ ದೂರದ ಎಸೆತಕ್ಕೆ ಮೂರು ಅಂಕ ಕೊಡುವ ಪದ್ಧತಿಯೂ ಇರಲಿಲ್ಲ. ಕೇಟ್ಲಿನ್ ಫೆಬ್ರುವರಿ 28ರಂದು ಆ ಸಂಖ್ಯೆಯನ್ನೂ ದಾಟಿದಳು. ಅವಳ ನೆಪದಿಂದ ಮರೆತುಹೋಗಿದ್ದ ಹಿರಿಯ ಹೆಣ್ಣುಮಗಳೊಬ್ಬರ ಹೆಸರು ಮತ್ತೆ ಪತ್ರಿಕೆಗಳಿಗೆ ಬಂತು. ಆ ಸೀಸನ್‌ನಲ್ಲಿ ನಡೆದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಎಂದು ನನ್ನ ಎಣಿಕೆ.

ಮರುದಿನವೇ, ಫೆಬ್ರುವರಿ 29ರಂದು, ಇದೇ ತನ್ನ ಕೊನೆಯ ಕಾಲೇಜು ಸೀಸನ್ ಎಂದು ಅವಳು ಪ್ರಕಟಿಸಿದಳು. ಇನ್ನೊಂದು ವರ್ಷದ ಆಸೆ ಅಲ್ಲಿಗೆ ಮುಗಿಯಿತು. ಮೂರು ದಿನ ಬಿಟ್ಟು, ಮಾರ್ಚ್ 3ರ ಭಾನುವಾರ, ಒಹಾಯೊ ಸ್ಟೇಟ್ ಎದುರು ಸ್ವಂತ ಅಂಕಣದಲ್ಲಿ ಪಂದ್ಯ. ಲಿನೆಟ್ ವುಡರ್ಡ್ ಅವರೇ ನೋಡಲು ಬಂದಿದ್ದರು. ಗಂಡಸರಲ್ಲಿ ಪೀಟ್ ಮಾರವಿಚ್ 1970ರಲ್ಲಿ ನಿಲ್ಲಿಸಿದ್ದ 3,667ನ್ನೂ ಕೇಟ್ಲಿನ್ ಅಂದು ದಾಟಿದಳು. ಹೋಗುವವಳ ಮೇಲೆ ಜನ ಮುನಿಸಿಕೊಳ್ಳಲಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾಕಿದ ಹೆಣ್ಣುಮಗಳನ್ನು ಒಳ್ಳೆಯ ಕಡೆ ಕಳಿಸಿಕೊಡುವ ಮನೆಯವರಂತೆ. ನಮ್ಮ ಕ್ರಿಕೆಟ್ ಅಭಿಮಾನಿಗಳು ಸೋತ ದಿನ ಆಟಗಾರರ ಮನೆಗೆ ಕಲ್ಲು ಹೊಡೆದದ್ದನ್ನು ಕೇಳಿದ್ದೇವೆ. ಅದಕ್ಕೆ ಹೋಲಿಸಿದರೆ ಇದು ಬೇರೆಯೇ ಸಂಸ್ಕಾರ. ನೂರು ವರ್ಷ ಹೆಣ್ಣುಮಕ್ಕಳ ಆಟ ನೋಡಿದ ಜನಕ್ಕೆ ಆಟಗಾರ್ತಿ ಬರುತ್ತಾಳೆ, ಹೋಗುತ್ತಾಳೆ ಎಂಬುದು ಗೊತ್ತಿತ್ತು.

ಕಪ್ಪು ಬಂತೇ?

ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಹಳೆಯ ಬಾಕಿಗಳೆಲ್ಲ ಒಂದೊಂದಾಗಿ ಎದುರಾದವು. ಕ್ವಾರ್ಟರ್ ಫೈನಲ್‌ನಲ್ಲಿ ಸಿಕ್ಕಿದ್ದು ಅದೇ ಎಲ್‌ಎಸ್‌ಯು. 94-87ರಿಂದ ಅಯೋವಾ ಗೆದ್ದಿತು, ಕೇಟ್ಲಿನ್ 41. ಸೆಮಿಫೈನಲ್‌ನಲ್ಲಿ ಕನೆಕ್ಟಿಕಟ್ ಎದುರು 71-69, ಕೂದಲೆಳೆಯ ಗೆಲುವು. ಎತ್ತರದವಳ ಜಾಗ ತುಂಬುವಳೇ ಎಂದು ಸಂಶಯಪಟ್ಟಿದ್ದ ಹ್ಯಾನಾ ಸ್ಟೂಲ್ಕಿ ಅಂದು ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತಂದಳು.

ಏಪ್ರಿಲ್ 7ರ ಫೈನಲ್, ಕ್ಲೀವ್‌ಲ್ಯಾಂಡ್. ಎದುರಿಗೆ ಮತ್ತೆ ಸೌತ್ ಕೆರೊಲಿನಾ, ಮತ್ತೆ ಒಂದೂ ಸೋಲಿಲ್ಲದ ತಂಡ. ಮೊದಲ ಹತ್ತು ನಿಮಿಷದಲ್ಲೇ ಕೇಟ್ಲಿನ್ 18 ಅಂಕ ಹೊಡೆದಾಗ ಈ ಸಲ ಆಗಿಯೇ ಹೋಯಿತು ಎನ್ನಿಸಿತು. ಆದರೆ ಸೌತ್ ಕೆರೊಲಿನಾದ ಬೆಂಚಿನಿಂದ ಬಂದವರೂ ಮುಖ್ಯ ಆಟಗಾರ್ತಿಯರಷ್ಟೇ ಬಲಶಾಲಿಗಳು. 87-75. ಕಪ್ಪು ಬರಲಿಲ್ಲ. ಅವಳ 30 ಅಂಕ ಸಾಲಲಿಲ್ಲ. ಗೆದ್ದ ತಂಡದ ಕೋಚ್ ಡಾನ್ ಸ್ಟೇಲಿ ಅಂಕಣದಲ್ಲೇ ನಿಂತು, ಈ ಆಟವನ್ನು ಇಷ್ಟು ಮೇಲಕ್ಕೆತ್ತಿದ್ದಕ್ಕೆ ಕೇಟ್ಲಿನ್‌ಗೆ ಕೃತಜ್ಞತೆ ಹೇಳಿದರು. ಆ ಪಂದ್ಯವನ್ನು ಟೀವಿಯಲ್ಲಿ ನೋಡಿದವರು ಸುಮಾರು 1 ಕೋಟಿ 89 ಲಕ್ಷ. ಮರುದಿನದ ಗಂಡಸರ ಫೈನಲ್ ನೋಡಿದವರು ಅದಕ್ಕಿಂತ ಸುಮಾರು 40 ಲಕ್ಷ ಕಡಿಮೆ. ಮಹಿಳೆಯರ ಫೈನಲ್ ಗಂಡಸರದನ್ನು ಹಿಂದೆ ಹಾಕಿದ್ದು ಅದೇ ಮೊದಲ ಸಲ.

ಕಾಲೇಜಿನಲ್ಲಿ ಅವಳ ಒಟ್ಟು ಅಂಕ 3,951ಕ್ಕೆ ನಿಂತಿತು. ವಾರದ ಮೇಲೆ ಇಂಡಿಯಾನಾ ಫೀವರ್ ಎಂಬ ವೃತ್ತಿಪರ ತಂಡ ಅವಳನ್ನು ಎಲ್ಲರಿಗಿಂತ ಮೊದಲು ಆರಿಸಿತು. 24 ವರ್ಷ ಅಯೋವಾದ ಕೋಚ್ ಆಗಿದ್ದ ಲೀಸಾ ಬ್ಲೂಡರ್ ಮೇ ತಿಂಗಳಲ್ಲಿ ನಿವೃತ್ತರಾದರು. ಆ ಸ್ಥಾನಕ್ಕೆ ಬಂದವರು ಅವರ ಸಹಾಯಕಿ ಜಾನ್ ಜೆನ್ಸನ್. ಜೆನ್ಸನ್ ಕೂಡ ಅಯೋವಾದ ಹಳ್ಳಿಯವರೇ. ಹೈಸ್ಕೂಲಿನ ಕೊನೆಯ ವರ್ಷ ಆರು ಜನರ ಆಟದಲ್ಲಿ ಪಂದ್ಯವೊಂದಕ್ಕೆ ಸರಾಸರಿ 66 ಅಂಕ ಗಳಿಸಿದವರು. ಅವರ ಅಜ್ಜಿಯೂ 1920ರ ದಶಕದಲ್ಲಿ ರಾಜ್ಯ ಪಂದ್ಯಾವಳಿ ಆಡಿದವರು.

2025ರ ಫೆಬ್ರುವರಿ 2ರ ಭಾನುವಾರ ಕಾರ್ವರ್-ಹಾಕೈ ಅಂಕಣದಲ್ಲಿ 22ನೇ ನಂಬರನ್ನು ಮೇಲಕ್ಕೇರಿಸಿ ತೂಗುಹಾಕಿದರು. ಆ ನಂಬರಿನ ಅಂಗಿಯನ್ನು ಅಯೋವಾ ತಂಡದಲ್ಲಿ ಇನ್ನು ಯಾರೂ ತೊಡುವುದಿಲ್ಲ. ಕೇಟ್ಲಿನ್ ಪ್ರೇಕ್ಷಕಳಾಗಿ ಕುಳಿತಿದ್ದಳು. ಎದುರಾಳಿ ಕ್ಯಾಲಿಫೋರ್ನಿಯಾದ ಬಲಿಷ್ಠ ಯುಎಸ್‌ಸಿ ತಂಡ. ಅಂದು ಅಯೋವಾ 76-69ರಿಂದ ಗೆದ್ದಿತು. 28 ಅಂಕ ಹೊಡೆದವಳು ಲೂಸಿ ಓಲ್ಸನ್, ವಿಲನೋವಾ ಎಂಬ ಕಥೋಲಿಕ ವಿಶ್ವವಿದ್ಯಾಲಯದಿಂದ ಒಂದೇ ವರ್ಷಕ್ಕೆಂದು ಬಂದು ಸೇರಿದ್ದ ಹುಡುಗಿ. ಆ ಅಂಗಳದ ಜನ ಈಗ ಅವಳ ಹೆಸರು ಹಿಡಿದು ಕೂಗುತ್ತಿದ್ದರು.